ಉಪವಾಸವೂ ಮಿತಾಹಾರವೂ

॥ ಶ್ರೀಃ ॥



ಕಳೆದ ದ್ವಾದಶಿಯ ಬೆಳಿಗ್ಗೆ ನಮ್ಮ ಶಾಖಾಮಠದಲ್ಲಿ ಪಾರಣೆ ಮುಗಿದು ಎಲೆಗಳನ್ನು ತೆಗೆಯುತ್ತಿದ್ದ ಸಮಯದಲ್ಲಿ ತಾಯಿ ಮತ್ತು ಮಗ ಇಬ್ಬರೂ ಬಂದು ನಮಸ್ಕರಿಸಿದರು. ಮಗನು ಕಂಪ್ಯೂಟರ್ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿರುವ ಯುವಕ. ತಾಯಿ ಹೇಳಿದರು: “ಆಚಾರ್ಯರೇ, ಇವನು ರಾತ್ರಿ ಎಂಟಕ್ಕೆ ಊಟ ಮುಗಿಸಿದರೆ ಮರುದಿನ ಮಧ್ಯಾಹ್ನ ಹನ್ನೆರಡರವರೆಗೆ ಏನನ್ನೂ ಮುಟ್ಟುವುದಿಲ್ಲ. ಬೆಳಿಗ್ಗೆ ಮಾಡಿದ ಉಪ್ಪಿಟ್ಟು ಹಾಗೆಯೇ ಉಳಿಯುತ್ತದೆ. ಏಕಾದಶಿ ಮಾಡೋ ಎಂದರೆ ಮಾತ್ರ ಒಲ್ಲೆ ಎನ್ನುತ್ತಾನೆ. ನೀವೇ ಬುದ್ಧಿ ಹೇಳಬೇಕು.” ಮಗನು ವಿನಯದಿಂದಲೇ ಉತ್ತರಿಸಿದನು: “ಆಚಾರ್ಯರೇ, ನಾನು ನಿತ್ಯವೂ ಹದಿನಾರು ಗಂಟೆ ಉಪವಾಸ ಇರುತ್ತೇನೆ. ತಿಂಗಳಿಗೆ ಎರಡು ದಿನ ಉಪವಾಸ ಮಾಡಿ ಉಳಿದ ದಿನ ಮನಸ್ಸಿಗೆ ಬಂದಷ್ಟು ಉಣ್ಣುವವರಿಗಿಂತ ಇದು ಮೇಲಲ್ಲವೇ? ನಮ್ಮ ಅಪ್ಪನೇ ದ್ವಾದಶಿಯ ದಿನ...” ತಾಯಿ ಕಣ್ಣು ಬಿಟ್ಟುದರಿಂದ ಅವನು ಅಲ್ಲಿಗೇ ನಿಲ್ಲಿಸಿದನು.

ಪ್ರಶ್ನೆ ಉದ್ಧಟತನದ್ದಲ್ಲ. ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ನಮ್ಮ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಇಂದು ಎದ್ದಿದೆ. ಆದುದರಿಂದ ಅಂದು ನಾವು ಆ ಯುವಕನಿಗೆ ಹೇಳಿದುದನ್ನೂ, ಹೇಳದೆ ಉಳಿದುದನ್ನೂ ಇಲ್ಲಿ ಕ್ರಮವಾಗಿ ನಿವೇದಿಸುತ್ತೇವೆ.

ಮೊದಲು ಈ ಹೊಸ ಪದ್ಧತಿಯ ಸ್ವರೂಪವನ್ನು ನೋಡೋಣ. ಇಂಟರ್ಮಿಟೆಂಟ್ ಫಾಸ್ಟಿಂಗ್ ಎಂದು ಜನರು ಕರೆಯುವ ಇದರಲ್ಲಿ ಹಲವು ವಿಧಗಳಿವೆ. ದಿನದ 24 ಗಂಟೆಗಳಲ್ಲಿ 8 ಗಂಟೆಗಳ ಒಳಗೆ ಊಟವನ್ನೆಲ್ಲ ಮುಗಿಸಿ 16 ಗಂಟೆ ಬರಿಯ ನೀರಿನಲ್ಲಿರುವುದು ಒಂದು. ವಾರದಲ್ಲಿ 5 ದಿನ ಎಂದಿನಂತೆ ಉಂಡು 2 ದಿನ ಅತ್ಯಲ್ಪ ಆಹಾರದಲ್ಲಿರುವುದು ಇನ್ನೊಂದು. ದಿನ ಬಿಟ್ಟು ದಿನ ಉಪವಾಸವಿರುವುದು ಮತ್ತೊಂದು. ಇದರ ಫಲವನ್ನು ವೈದ್ಯವಿಜ್ಞಾನಿಗಳು ಪರೀಕ್ಷಿಸಿಯೂ ಇದ್ದಾರೆ. ಅಮೆರಿಕದಲ್ಲಿ ಸ್ಥೂಲಕಾಯರಾದ 100 ಜನರನ್ನು ಒಂದು ವರ್ಷ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ದಿನ ಬಿಟ್ಟು ದಿನ ಉಪವಾಸ ಮಾಡಿದವರಿಗೂ ಪ್ರತಿದಿನ ಸ್ವಲ್ಪ ಸ್ವಲ್ಪ ಕಡಮೆ ಉಂಡವರಿಗೂ ತೂಕ ಇಳಿಯುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಉಪವಾಸದ ಗುಂಪಿನಲ್ಲಿ ಶೇಕಡಾ 38 ಮಂದಿ, ಮಿತವಾಗಿ ಉಂಡವರಲ್ಲಿ ಶೇಕಡಾ 29 ಮಂದಿ ನಡುವೆಯೇ ಕೈಬಿಟ್ಟರು. ಚೀನಾದಲ್ಲಿ 139 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎರಡು ಗುಂಪಿನವರೂ ಆಹಾರದ ಪ್ರಮಾಣವನ್ನು ಸಮನಾಗಿ ಕಡಮೆ ಮಾಡಿದ್ದರು. ಒಂದು ಗುಂಪಿನವರು ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರ ಒಳಗೆ ಉಣ್ಣುವ ನಿಯಮವನ್ನೂ ಇಟ್ಟುಕೊಂಡಿದ್ದರು. ಒಂದು ವರ್ಷದ ಮೇಲೆ ನೋಡಿದಾಗ ಇವರಿಬ್ಬರಲ್ಲಿಯೂ ಗಣನೀಯ ಭೇದವಿರಲಿಲ್ಲ. ಎಂದರೆ, ಶರೀರದ ದೃಷ್ಟಿಯೊಂದರಿಂದಲೇ ನೋಡಿದರೆ ಗಡಿಯಾರವನ್ನು ನೋಡುತ್ತ ಹಸಿದಿರುವವನೂ, ಪ್ರತಿದಿನ ಎರಡು ತುತ್ತು ಕಡಮೆ ಉಣ್ಣುವವನೂ ಸೇರುವುದು ಹೆಚ್ಚುಕಡಮೆ ಒಂದೇ ಸ್ಥಾನವನ್ನು.

ಇಲ್ಲಿ ಒಂದು ಮಾತು. 2016ರಲ್ಲಿ ಜಪಾನಿನ ಯೋಶಿನೋರಿ ಓಸುಮಿ ಎಂಬ ವಿಜ್ಞಾನಿಗೆ ನೊಬೆಲ್ ಪಾರಿತೋಷಕ ದೊರೆತಂದಿನಿಂದ, ಏಕಾದಶೀವ್ರತಕ್ಕೇ ಆ ಪಾರಿತೋಷಕ ಬಂದಿತೆಂಬಂತೆ ನಮ್ಮವರು ಹೇಳಿಕೊಳ್ಳುವುದನ್ನು ಕೇಳಿದ್ದೇವೆ. ಜೀವಕೋಶವು ತನ್ನೊಳಗಿನ ಸವೆದ ಭಾಗಗಳನ್ನು ತಾನೇ ಒಡೆದು ಮರಳಿ ಬಳಸಿಕೊಳ್ಳುವ ಕ್ರಿಯೆ ಹೇಗೆ ನಡೆಯುತ್ತದೆಂಬುದನ್ನು ಅವರು ಯೀಸ್ಟಿನ ಕೋಶಗಳಲ್ಲಿ ಕಂಡುಹಿಡಿದರು. ಅದು ದೊಡ್ಡ ಶೋಧ. ಆದರೆ ಅದು ಏಕಾದಶಿಯ ಪರೀಕ್ಷೆಯಲ್ಲ. ಇಲ್ಲದ ಪ್ರಮಾಣವನ್ನು ಇದೆಯೆಂದು ಹೇಳಿ ವ್ರತಕ್ಕೆ ಗೌರವ ತರಹೊರಡುವುದು ವ್ರತಕ್ಕೇ ಅಗೌರವ. ಜಗತ್ತು ಸತ್ಯವೆಂದು ಸಾರಿದ ಶ್ರೀಮದಾಚಾರ್ಯರ ಅನುಯಾಯಿಗಳಾದ ನಾವು ಇದ್ದುದನ್ನು ಇದ್ದಂತೆಯೇ ಹೇಳಬೇಕು.

ಹಾಗಾದರೆ ಏಕಾದಶಿಯ ಪ್ರಯೋಜನವಾದರೂ ಏನು? ಉಪವಾಸವೆಂಬ ಶಬ್ದದಲ್ಲಿಯೇ ಉತ್ತರವಿದೆ. ಉಪ ಎಂದರೆ ಸಮೀಪ. ವಾಸ ಎಂದರೆ ಇರುವಿಕೆ. ಶ್ರೀಹರಿಯ ಸಮೀಪದಲ್ಲಿರುವುದೇ ಉಪವಾಸ. ಅನ್ನವನ್ನು ಬಿಡುವುದು ಅದಕ್ಕೆ ಸಾಧನ ಮಾತ್ರ. ದಶಮಿಯ ದಿನ ಒಂದು ಹೊತ್ತಿನ ಊಟ, ಏಕಾದಶಿಯ ದಿನ ನಿರಾಹಾರ, ದ್ವಾದಶಿಯ ಬೆಳಿಗ್ಗೆ ಪಾರಣೆ, ಅಂದು ರಾತ್ರಿ ಮತ್ತೆ ಊಟವಿಲ್ಲ. ಇದು ದಿನತ್ರಯದ ಕ್ರಮ. ದಶಮಿಯ ಮಧ್ಯಾಹ್ನ ಹನ್ನೆರಡಕ್ಕೆ ಉಂಡವನು ದ್ವಾದಶಿಯ ಬೆಳಿಗ್ಗೆ ಆರಕ್ಕೆ ಪಾರಣೆ ಮಾಡಿದರೆ 42 ಗಂಟೆಗಳಾದವು. ಗಂಟೆಯ ಲೆಕ್ಕದಲ್ಲಿಯೂ ಇದು ಹದಿನಾರಕ್ಕಿಂತ ಕಡಮೆಯದಲ್ಲ. ಆದರೆ ಹಿರಿಮೆ ಇರುವುದು ಲೆಕ್ಕದಲ್ಲಲ್ಲ.

ಭೇದವು ಎಲ್ಲಿದೆಯೆಂದರೆ, ಹದಿನಾರು ಗಂಟೆಯ ಉಪವಾಸದಲ್ಲಿ ಕಾಲವನ್ನು ನಿಶ್ಚಯಿಸುವವನು ನಾನು. ನನ್ನ ಕಚೇರಿ, ನನ್ನ ವ್ಯಾಯಾಮ, ನನ್ನ ಅನುಕೂಲ ನೋಡಿ ನಾನು ಅದನ್ನು ಹಿಂದೆ ಮುಂದೆ ಸರಿಸಬಲ್ಲೆ. ಏಕಾದಶಿಯನ್ನು ಹಾಗೆ ಸರಿಸಲು ಬಾರದು. ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ಎಂದರೆ 96 ನಿಮಿಷ ಮೊದಲು ಬರುವ ಅರುಣೋದಯದಲ್ಲಿ ದಶಮಿಯ ಸ್ಪರ್ಶವಿದ್ದರೆ ಅಂದು ಬಿಟ್ಟು ಮರುದಿನ ಉಪವಾಸ ಮಾಡುವ ನಮ್ಮ ಸಂಪ್ರದಾಯವನ್ನು ನೋಡಿರಿ. ತಿಥಿಯು ನಮ್ಮನ್ನು ಕೇಳಿ ಬರುವುದಿಲ್ಲ. ಸೋಮವಾರದ ಸಭೆಯ ದಿನವೇ ಬರಬಹುದು. ಮಗುವಿನ ಹುಟ್ಟಿದ ಹಬ್ಬದ ದಿನವೇ ಬರಬಹುದು. ‘ನಾನು ಸ್ವತಂತ್ರನಲ್ಲ, ನನ್ನ ಹಸಿವೂ ತೃಪ್ತಿಯೂ ಅವನ ಅಧೀನ’ ಎಂಬ ಪಾರತಂತ್ರ್ಯದ ಪಾಠವನ್ನು ಪಕ್ಷಕ್ಕೊಮ್ಮೆ ಹೊಟ್ಟೆಗೇ ಕಲಿಸುವ ಕ್ರಮವಿದು. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಏಕಾದಶಿಯನ್ನು ಇಷ್ಟೊಂದು ಒತ್ತಿ ಹೇಳಿರುವುದು ತೂಕ ಇಳಿಸುವುದಕ್ಕಾಗಿ ಅಲ್ಲ.

ಇದರಿಂದ ಅನ್ನವು ಹೀನವೆಂದು ಯಾರೂ ತಿಳಿಯಬಾರದು. ಅನ್ನವನ್ನು ನಿಂದಿಸಬಾರದೆಂದು ತೈತ್ತಿರೀಯೋಪನಿಷತ್ತು ವ್ರತವನ್ನೇ ವಿಧಿಸಿದೆ. ಛಾಂದೋಗ್ಯದಲ್ಲಿ ಇನ್ನೂ ಸ್ವಾರಸ್ಯವಾದ ಪ್ರಸಂಗವಿದೆ. ಉಂಡ ಅನ್ನದ ಸ್ಥೂಲಭಾಗ ಮಲವಾಗುತ್ತದೆ, ನಡುವಿನ ಭಾಗ ಮಾಂಸವಾಗುತ್ತದೆ, ಅತಿಸೂಕ್ಷ್ಮಭಾಗ ಮನಸ್ಸಿಗೆ ಸೇರುತ್ತದೆ ಎಂದು ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಬೋಧಿಸಿದನು. ಅದನ್ನು ಮನಗಾಣಿಸಲು, ಹದಿನೈದು ದಿನ ಉಣ್ಣಬೇಡ, ನೀರನ್ನು ಮಾತ್ರ ಬೇಕಾದಷ್ಟು ಕುಡಿ ಎಂದನು. ಹದಿನಾರನೆಯ ದಿನ ತಂದೆ ವೇದವನ್ನು ಹೇಳೆಂದಾಗ ಹನ್ನೆರಡು ವರ್ಷ ಗುರುಕುಲದಲ್ಲಿ ಓದಿ ಬಂದ ಆ ಮಗನಿಗೆ ಒಂದು ಮಂತ್ರವೂ ತೋರಲಿಲ್ಲ. ದೊಡ್ಡ ಬೆಂಕಿ ಆರಿ ಮಿಣುಕುಹುಳದಷ್ಟು ಕೆಂಡ ಉಳಿದಂತೆ ನಿನ್ನ ಹದಿನಾರು ಕಲೆಗಳಲ್ಲಿ ಒಂದೇ ಉಳಿದಿದೆ, ಹೋಗಿ ಉಂಡು ಬಾ ಎಂದನು ತಂದೆ. ಉಂಡು ಬಂದ ಮೇಲೆ ಕೇಳಿದುದಕ್ಕೆಲ್ಲ ಉತ್ತರ ಬಂದಿತು.

ಈ ಪ್ರಸಂಗದಿಂದ ಎರಡು ವಿಷಯಗಳನ್ನು ಗ್ರಹಿಸಬೇಕು. ಅನ್ನವಿಲ್ಲದೆ ಮನಸ್ಸಿಲ್ಲ, ಆದುದರಿಂದ ಶಕ್ತಿ ಮೀರಿದ ಉಪವಾಸವು ಜಪವನ್ನೂ ಪಾಠವನ್ನೂ ನುಂಗಿಬಿಡುತ್ತದೆ. ಇನ್ನೊಂದು, ನಾವು ನಿತ್ಯ ಉಣ್ಣುವುದೇ ನಮ್ಮ ಮನಸ್ಸಾಗುತ್ತದೆಯಾದರೆ, ತಿಂಗಳಲ್ಲಿ ಎರಡು ದಿನ ಬಿಡುವುದಕ್ಕಿಂತ ಉಳಿದ ಇಪ್ಪತ್ತೆಂಟು ದಿನ ಏನನ್ನು, ಎಷ್ಟು, ಹೇಗೆ ಉಣ್ಣುತ್ತೇವೆಂಬುದು ಚಿಕ್ಕ ವಿಷಯವಲ್ಲ. ಇಲ್ಲಿಯೇ ಮಿತಾಹಾರದ ಪ್ರಸ್ತಾಪ ಬರುತ್ತದೆ.

ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು, ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಏನನ್ನೂ ಉಣ್ಣದವನಿಗೂ ಯೋಗವಿಲ್ಲ. ಆಹಾರ, ವಿಹಾರ, ನಿದ್ರೆ, ಎಚ್ಚರಗಳಲ್ಲಿ ಯುಕ್ತನಾದವನಿಗೆ ಯೋಗವು ದುಃಖವನ್ನು ಕಳೆಯುತ್ತದೆ ಎಂದು ಅಪ್ಪಣೆ ಕೊಡಿಸಿದ್ದಾನೆ. ಹಾಗಾದರೆ ಏಕಾದಶಿಯ ನಿರಾಹಾರವು ಗೀತೆಗೆ ವಿರುದ್ಧವಲ್ಲವೇ ಎಂದು ಕೇಳಬಹುದು. ವಿರುದ್ಧವಲ್ಲ. ಗೀತೆಯ ಮಾತು ನಿತ್ಯಜೀವನಕ್ಕೆ ಹೇಳಿದ ಸಾಮಾನ್ಯ ನಿಯಮ. ಏಕಾದಶಿಯದು ನಿಯತಕಾಲಕ್ಕೆ ಹೇಳಿದ ವಿಶೇಷವಿಧಿ. ವಿಶೇಷವು ತನ್ನ ಸ್ಥಳದಲ್ಲಿ ಸಾಮಾನ್ಯವನ್ನು ಬಾಧಿಸಿದರೂ ಉಳಿದೆಡೆ ಸಾಮಾನ್ಯವೇ ನಿಲ್ಲುತ್ತದೆ. ಏಕಾದಶಿ ಮಾಡಿದವನಿಗೆ ಉಳಿದ ದಿನಗಳ ಮಿತಿಯಿಂದ ಬಿಡುಗಡೆಯಿಲ್ಲ. ಮಿತವಾಗಿ ಉಣ್ಣುವವನಿಗೆ ಏಕಾದಶಿಯಿಂದ ಬಿಡುಗಡೆಯಿಲ್ಲ.

ಮಿತಿಯೆಂದರೆ ಎಷ್ಟು? ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ ಎರಡು ಪಾಲು ಘನಾಹಾರಕ್ಕೂ ಒಂದು ಪಾಲು ದ್ರವಕ್ಕೂ ಮೀಸಲಿಟ್ಟು ಉಳಿದ ಒಂದನ್ನು ವಾಯುಸಂಚಾರಕ್ಕೆ ಬರಿದಾಗಿ ಬಿಡಬೇಕೆಂದು ಅಷ್ಟಾಂಗಹೃದಯದಲ್ಲಿ ವಾಗ್ಭಟನು ಹೇಳಿದ್ದಾನೆ. ಆಹಾರದ ಪ್ರಮಾಣವು ಅವರವರ ಜಠರಾಗ್ನಿಯ ಬಲವನ್ನು ಅನುಸರಿಸುತ್ತದೆಂದು ಚರಕಸಂಹಿತೆ ಹೇಳುತ್ತದೆ. ಶ್ರೀಮದಾಚಾರ್ಯರು ಶಿಶುವಾಗಿದ್ದಾಗ, ತಾಯಿ ಮನೆಯಲ್ಲಿಲ್ಲದ ವೇಳೆ ಅಕ್ಕನು ಕೊಟ್ಟ ಬೆಂದ ಹುರುಳಿಯನ್ನು ಉಂಡು ಅರಗಿಸಿಕೊಂಡ ಕಥೆಯನ್ನು ಸುಮಧ್ವವಿಜಯದಲ್ಲಿ ನಾವೆಲ್ಲರೂ ಕೇಳಿದ್ದೇವೆ. ಅದು ವಾಯುದೇವರ ಅವತಾರಕ್ಕೆ ಸಂದ ಮಾತು. ನಾಲ್ಕು ಹೆಜ್ಜೆಗೆ ರಿಕ್ಷಾ ಹತ್ತುವ ನಮ್ಮ ಅಗ್ನಿಯ ಬಲ ಎಷ್ಟೆಂಬುದು ನಮಗೇ ಗೊತ್ತು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ ‘ಬಲ್ಲವನು’ ಎಂಬ ಮಾತೇ ಮುಖ್ಯ.

ನಮ್ಮ ಹಿರಿಯರು ಈ ಮಿತಿಯನ್ನು ತಕ್ಕಡಿಯಿಂದ ಸಾಧಿಸಲಿಲ್ಲ. ಊಟದ ಕ್ರಮದಿಂದಲೇ ಸಾಧಿಸಿದರು. ನೈವೇದ್ಯವಾಗುವವರೆಗೆ ರುಚಿ ನೋಡುವಂತಿಲ್ಲ. ಪರಿಷೇಚನೆ ಮಾಡಿ, ಚಿತ್ರಾಹುತಿ ಇಟ್ಟು, ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನರಿಗೆ ಆಹುತಿ ಕೊಟ್ಟು ಉಣ್ಣಬೇಕು. ಒಳಗೆ ವೈಶ್ವಾನರನಾಗಿದ್ದು ಅನ್ನವನ್ನು ಪಚನ ಮಾಡುವವನು ತಾನೇ ಎಂದು ಭಗವಂತನು ಗೀತೆಯಲ್ಲಿ ಹೇಳಿದ ಮೇಲೆ ಊಟವು ಹೋಮವಾಯಿತು. ಹೋಮಕುಂಡಕ್ಕೆ ಯಾರಾದರೂ ಟೆಲಿವಿಷನ್ ನೋಡುತ್ತ ಆಹುತಿ ಹಾಕುತ್ತಾರೆಯೇ? ಕುಂಡ ತುಂಬಿ ಬೆಂಕಿ ನಂದುವಷ್ಟು ತುಪ್ಪ ಸುರಿಯುತ್ತಾರೆಯೇ? ನಗರದಲ್ಲಿ ಬೆಳಿಗ್ಗೆ ನಿಂತು ತಿಂದು ಲೋಕಲ್ ಹಿಡಿಯಬೇಕು, ಮಧ್ಯಾಹ್ನ ಡಬ್ಬಿಯ ಊಟ ಎಂಬುದನ್ನು ನಾವು ಬಲ್ಲೆವು. ಆದರೂ ಡಬ್ಬಿ ತೆರೆದಾಗ ಅರ್ಧ ನಿಮಿಷ ಕೃಷ್ಣಾರ್ಪಣವೆಂದು ಸ್ಮರಿಸುವುದಕ್ಕೆ ಯಾವ ಕಚೇರಿಯೂ ಅಡ್ಡಿ ಮಾಡದು. ಆ ಅರ್ಧ ನಿಮಿಷ ಸ್ಮರಿಸಿ ಉಣ್ಣುವವನ ಕೈ ಮೂರನೆಯ ಬಾರಿ ಬಡಿಸಿಕೊಳ್ಳುವಾಗ ತಾನಾಗಿಯೇ ತಡೆಯುತ್ತದೆ.

ಚಾತುರ್ಮಾಸ್ಯವನ್ನೂ ಇಲ್ಲಿ ನೆನೆಯಬೇಕು. ಮೊದಲ ತಿಂಗಳು ಶಾಕ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯ. ಹೀಗೆ ತಿಂಗಳಿಗೊಂದನ್ನು ಬಿಡುತ್ತೇವೆ. ಇಲ್ಲಿ ಯಾರೂ ಹಸಿದಿರುವುದಿಲ್ಲ. ಪ್ರಿಯವಾದುದನ್ನು ಒಂದು ತಿಂಗಳು ಬಿಟ್ಟರೂ ಬದುಕಬಲ್ಲೆವೆಂದು ನಾಲಗೆಗೆ ತಿಳಿಯುತ್ತದೆ. ಉಪವಾಸಕ್ಕೂ ಮಿತಾಹಾರಕ್ಕೂ ನಡುವೆ ಇದು ಸೇತುವೆಯಂತಿದೆ.

ಈಗ ನಮ್ಮವರ ದೋಷವನ್ನೂ ಒಪ್ಪಿಕೊಳ್ಳೋಣ. ‘ಏಕಾದಶಿ, ದುಪ್ಪಟ್ ಖಾಶಿ’ ಎಂದು ಮರಾಠಿಯಲ್ಲಿ ಗಾದೆಯುಂಟು. ಏಕಾದಶಿಯ ದಿನ ಎರಡರಷ್ಟು ತಿನ್ನುವವನನ್ನು ಕುರಿತು ಹೇಳಿದುದು. ಮುಂಬಯಿ ಪುಣೆಗಳಲ್ಲಿರುವ ನಮ್ಮ ಮನೆಗಳಿಗೂ ಸಾಬೂದಾಣಿಯ ಖಿಚಡಿ, ಕಡಲೆಕಾಯಿಯ ಉಂಡೆ, ಬಟಾಟೆಯ ಪಲ್ಯ ಪ್ರವೇಶಿಸಿವೆ. ಅಶಕ್ತರಿಗೆಂದು ಹೇಳಿದ ಫಲಾಹಾರವು ಶಕ್ತರ ಹಬ್ಬವಾಗಿದೆ. ಇತ್ತ ನಿರ್ಜಲವಾಗಿ ಉಪವಾಸ ಮಾಡಿದವರೂ ದ್ವಾದಶಿಯ ಬೆಳಿಗ್ಗೆ ಅಗಸೆಯ ಸೊಪ್ಪು, ನೆಲ್ಲಿಕಾಯಿಗಳ ಹಗುರಾದ ಪಾರಣೆಯನ್ನು ಬಿಟ್ಟು, ನಿನ್ನೆಯ ಬಾಕಿಯನ್ನು ಬಡ್ಡಿಸಹಿತ ವಸೂಲು ಮಾಡುವವರಂತೆ ಕುಳಿತುಕೊಳ್ಳುತ್ತಾರೆ. ಆ ಯುವಕನು ಅರ್ಧಕ್ಕೆ ನಿಲ್ಲಿಸಿದ ಮಾತು ಇದೇ ಇದ್ದಿರಬೇಕು. ಮಕ್ಕಳು ನಮ್ಮ ಉಪದೇಶವನ್ನು ಕೇಳುವುದಕ್ಕಿಂತ ಮೊದಲು ನಮ್ಮ ಎಲೆಯನ್ನು ನೋಡುತ್ತಾರೆ.

ಇನ್ನೊಂದು ದೋಷ ನಮ್ಮದೇ. ಕೆಲವು ವರ್ಷಗಳ ಹಿಂದೆ ಎಪ್ಪತ್ತು ದಾಟಿದ ಗೃಹಸ್ಥರೊಬ್ಬರು ಬಂದು, “ಸಕ್ಕರೆ ಕಾಯಿಲೆ ಇದೆ, ಡಾಕ್ಟರು ಉಪವಾಸ ಬೇಡವೆನ್ನುತ್ತಾರೆ, ಏನು ಮಾಡಲಿ?” ಎಂದು ಕೇಳಿದರು. ನಾವು ಏನನ್ನೂ ವಿಚಾರಿಸದೆ, “ಏಕಾದಶಿ ಮಾಡಿ ಕೆಟ್ಟವರುಂಟೇ?” ಎಂದುಬಿಟ್ಟೆವು. ಅವರು ನಮ್ಮ ಮಾತನ್ನು ನಂಬಿ ನಿರ್ಜಲವಾಗಿಯೇ ಇದ್ದರು. ಮಾತ್ರೆಯನ್ನು ಮಾತ್ರ ಎಂದಿನಂತೆ ಒಣಬಾಯಿಯಲ್ಲಿ ನುಂಗಿದರು. ದ್ವಾದಶಿಯ ಬೆಳಿಗ್ಗೆ ತೀರ್ಥಕ್ಕೆ ನಿಂತವರು ಮೈಯೆಲ್ಲ ಬೆವತು, ತೊದಲುತ್ತ, ಕಂಬವನ್ನು ಹಿಡಿದು ಕುಸಿದರು. ಭಕ್ತರಲ್ಲಿಯೇ ವೈದ್ಯರೊಬ್ಬರಿದ್ದರು. ಪ್ರಜ್ಞೆ ಇನ್ನೂ ಇದ್ದುದರಿಂದ ಕೂಡಲೇ ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಕರೆದೊಯ್ದರು. ಮರುದಿನ ನಾವು ನೋಡಹೋದಾಗ ಅವರು ನಮ್ಮನ್ನು ದೂರಲಿಲ್ಲ. “ಪಾರಣೆಗೆ ಮೊದಲೇ ಸಕ್ಕರೆ ಬಾಯಿಗೆ ಹೋಯಿತಲ್ಲ ಆಚಾರ್ಯರೇ, ವ್ರತ ಭಂಗವಾಯಿತೇ?” ಎಂದು ಕೇಳಿದರು. ನಮಗೆ ಬಹಳ ಹೊತ್ತು ಉತ್ತರ ಹೊರಡಲಿಲ್ಲ. ಭಂಗವಾದುದು ಅವರ ವ್ರತವಲ್ಲ. ವಿಚಾರಿಸಿ ಹೇಳಬೇಕಾಗಿದ್ದ ನಮ್ಮ ಕರ್ತವ್ಯ.

ಶಾಸ್ತ್ರವು ನಮಗಿಂತ ಕರುಣಾಳು. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ ಈ ಎಂಟು ವ್ರತವನ್ನು ಕೆಡಿಸುವುದಿಲ್ಲವೆಂದು ಮಹಾಭಾರತದ ಉದ್ಯೋಗಪರ್ವದಲ್ಲಿದೆ. ಎಂಟು ವರ್ಷ ದಾಟಿ ಎಂಬತ್ತು ತುಂಬದವರಿಗೆ ಏಕಾದಶಿ ಎಂದು ವಯಸ್ಸಿನ ಮಿತಿಯನ್ನೂ ಹೇಳಿದ್ದಾರೆ. ಭಾಗವತದ ಅಂಬರೀಷನನ್ನು ನೋಡಿರಿ. ಅತಿಥಿಯಾದ ದುರ್ವಾಸರು ಸ್ನಾನಕ್ಕೆ ಹೋದವರು ಬರಲಿಲ್ಲ. ದ್ವಾದಶಿ ಮುಗಿಯುತ್ತ ಬಂದಿತು. ಅತಿಥಿಯನ್ನು ಬಿಟ್ಟು ಉಣ್ಣಲಾರ, ಪಾರಣೆಯನ್ನು ಬಿಡಲಾರ. ಅವನು ಹಠ ಹಿಡಿಯಲಿಲ್ಲ, ಬಲ್ಲವರನ್ನು ಕೇಳಿದನು. ನೀರು ಕುಡಿದರೆ ಉಂಡಂತೆಯೂ ಆಯಿತು, ಉಣ್ಣದಂತೆಯೂ ಆಯಿತೆಂದು ಅವರು ಹೇಳಿದಂತೆ ನೀರನ್ನು ಸ್ವೀಕರಿಸಿದನು. ಅವನನ್ನು ಕಾಯಲು ಸುದರ್ಶನವೇ ಬಂದಿತು. ಶಕ್ತರಿಗೆ ನಿರ್ಜಲವೇ ಮುಖ್ಯಕಲ್ಪ. ಅಶಕ್ತರಿಗೆ ಹಾಲು ಹಣ್ಣುಗಳ ಅನುಕಲ್ಪ. ಶಕ್ತನು ಅನುಕಲ್ಪವನ್ನು ಆಶ್ರಯಿಸುವುದು ಆತ್ಮವಂಚನೆ; ಅಶಕ್ತನು ಮುಖ್ಯಕಲ್ಪಕ್ಕೆ ಹಠ ಹಿಡಿಯುವುದು ಅವಿವೇಕ.

ಆದುದರಿಂದ ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆಯನ್ನು ಇಳಿಸುವ ಮಾತ್ರೆ ನುಂಗುವವರು, ಮೂತ್ರಪಿಂಡದ ತೊಂದರೆಯುಳ್ಳವರು, ಗರ್ಭಿಣಿಯರು, ಹಾಲೂಡುವ ತಾಯಂದಿರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಅದು ಏಕಾದಶಿಯಾಗಲಿ, ಹದಿನಾರು ಗಂಟೆಯದಾಗಲಿ. ಊಟವಿಲ್ಲದಿದ್ದರೂ ಆ ಔಷಧಗಳು ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಬೆವರು, ನಡುಕ, ಎದೆಬಡಿತ, ಮಾತು ತಡವರಿಸುವುದು ಕಂಡರೆ, ಅಥವಾ ಪರೀಕ್ಷಿಸಿದಾಗ ಸಕ್ಕರೆ 70ಕ್ಕಿಂತ ಕೆಳಗಿದ್ದರೆ, ತಿಥಿ ನೋಡದೆ ಆ ಕ್ಷಣವೇ 15 ಗ್ರಾಮಿನಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಅದು ಔಷಧ, ವ್ರತಭಂಗವಲ್ಲ. ಅಂಥವರು ಅನ್ನವನ್ನು ಬಿಟ್ಟು, ವೈದ್ಯರು ಹೇಳಿದ ಆಹಾರವನ್ನು ಕೃಷ್ಣನಿಗೆ ಸಮರ್ಪಿಸಿ ಸ್ವೀಕರಿಸಿ, ದಿನವನ್ನು ಪಾರಾಯಣ, ಶ್ರವಣ, ಜಪಗಳಲ್ಲಿ ಕಳೆದರೆ ಉಪ-ವಾಸಕ್ಕೆ ಕೊರತೆಯಿಲ್ಲ.

ಆ ಯುವಕನಿಗೆ ನಾವು ಇಷ್ಟನ್ನು ಹೇಳಿದೆವು: “ಅಪ್ಪಾ, ಹದಿನಾರು ಗಂಟೆ ಹಸಿವನ್ನು ತಡೆಯುವ ಶಕ್ತಿ ನಿನಗೆ ಇದೆಯೆಂದು ನೀನೇ ತೋರಿಸಿದ್ದೀಯೆ. ಆ ಶಕ್ತಿಯನ್ನು ಕೊಟ್ಟವನಿಗೆ ಪಕ್ಷಕ್ಕೊಂದು ದಿನ ಒಪ್ಪಿಸು. ಉಳಿದ ದಿನಗಳ ನಿನ್ನ ಮಿತಿಯನ್ನು ಬಿಡಬೇಡ; ನಿಮ್ಮ ತಂದೆಯವರಿಗೆ ಬೇಕಾಗಿರುವುದು ಅದೇ. ನಿನಗೆ ಬೇಕಾಗಿರುವುದು ಅವರ ಬಳಿ ಇದೆ.” ಬಳಿಕ ತಾಯಿಗೂ ಒಂದು ಮಾತು ಹೇಳಿದೆವು: ಬೆಳಗಿನ ಉಪ್ಪಿಟ್ಟನ್ನು ಮಾಡಿ ಕೊರಗುವ ಬದಲು ಮಧ್ಯಾಹ್ನದ ಡಬ್ಬಿಯನ್ನು ನೈವೇದ್ಯ ಮಾಡಿ ಕಳುಹಿಸಿರಿ.

ಮುಂದಿನ ಏಕಾದಶಿಯ ಸಂಜೆ ಭಾಗವತ ಪ್ರವಚನಕ್ಕೆ ತಂದೆ ಮಗ ಇಬ್ಬರೂ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಮಗನು ಉಪವಾಸವಿದ್ದನೋ ಇಲ್ಲವೋ ನಾವು ಕೇಳಲಿಲ್ಲ. ಮರುದಿನ ಪಾರಣೆಯಲ್ಲಿ ತಂದೆಯವರ ಎಲೆಯ ಮುಂದೆ ಪಾಯಸದ ಪಾತ್ರೆ ಎರಡನೆಯ ಬಾರಿ ಬಂದಾಗ ಅವರು ಮಗನ ಕಡೆಗೊಮ್ಮೆ ನೋಡಿ, ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕೆಂದರು.

ನಮ್ಮ ಉಪವಾಸವೂ ನಮ್ಮ ಊಟವೂ ಆ ವೈಶ್ವಾನರನಿಗೆ ಪ್ರೀತಿಯಾಗಲಿ ಎಂದು ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥